ಪಖವಾಜಿಗೆ ಜೋಳದ ಹಿಟ್ಟು

ಆಗೆಲ್ಲ ಧಾರವಾಡದಲ್ಲಿ ಸಂಜೆ ಆರಕ್ಕೆ ಯಾವ ಓಣಿ ಹೊಕ್ಕರೂ ಒಂದು ಕಿಟಕಿಯಿಂದ ಯಮನ್ ರಾಗ, ಇನ್ನೊಂದು ಕಿಟಕಿಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹೊರಗೆ ಬರುತ್ತಿತ್ತು. ನಮ್ಮೂರಲ್ಲಿ ಕಲ್ಲು ಒಗೆದರೆ ಕವಿಗಾದರೂ ಬೀಳುತ್ತದೆ, ಗವಾಯಿಗಾದರೂ ಬೀಳುತ್ತದೆ ಎಂದು ದೊಡ್ಡವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹದಿಮೂರು ವರ್ಷದ ನನಗೆ ಆ ಕಲ್ಲನ್ನು ಒಂದು ಸಲ ನಿಜವಾಗಿಯೂ ಒಗೆದು ನೋಡಬೇಕು ಅನಿಸುತ್ತಿತ್ತು.

ಕಾರಣವಿತ್ತು. ಮೂರು ವರ್ಷದಿಂದ ನಾನು ಪಕ್ಕದ ಓಣಿಯ ಕೊನೆಯ ಮನೆಯ ಗುರುಗಳ ಹತ್ತಿರ ಗಾಯನ ಕಲಿಯಲು ಹೋಗುತ್ತಿದ್ದೆ. ಅದು ಅಪ್ಪನ ಆಸೆ. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪನಿಗೆ ಒಂದು ಸ್ವರವೂ ನೆಟ್ಟಗೆ ಬರುತ್ತಿರಲಿಲ್ಲ. ಆದರೆ ಊರಲ್ಲಿ ಎಲ್ಲಿ ಬೈಠಕ್ ಇದ್ದರೂ ಎರಡನೆಯ ಸಾಲಿನಲ್ಲಿ ಕೂತು ಸಮಕ್ಕೆ, ಅಂದರೆ ತಾಳದ ಸುತ್ತು ಮರಳಿ ಶುರುವಾಗುವ ಪೆಟ್ಟಿಗೆ, ಸರಿಯಾಗಿ ತಲೆ ಹಾಕುತ್ತಿದ್ದ. ತನಗೆ ಬರದ್ದು ಮಗಳಿಗಾದರೂ ಬರಲಿ ಎಂದು ನನ್ನನ್ನು ಸೇರಿಸಿದ್ದ. ನನ್ನ ದನಿಯೋ ದಪ್ಪ, ಮೇಲಾಗಿ ಒರಟು. ತಾರ ಷಡ್ಜಕ್ಕೆ ಹೋದರೆ ಬಾವಿಯ ಗಡಗಡಿ ಕಿರುಗುಟ್ಟಿದಂತಾಗುತ್ತಿತ್ತು. ಗುರುಗಳು ಬೈಯುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ, "ದೀಪಾ, ನೀ ಹಿಂದ ಕೂತು ಹಾಡವ್ವಾ. ಸಣ್ಣ ದನೀಲೆ ಹಾಡು. ಹೆಣ್ಮಕ್ಕಳ ದನಿ ಹೂವಿನ್ಹಂಗ ಇರಬೇಕು" ಎನ್ನುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಆ ವರ್ಷ ಬೇಸಿಗೆ ಸೂಟಿಗೆ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿದ್ದ ದೊಡ್ಡಪ್ಪನ ಮನೆಗೆ ಹೋದೆ. ದೊಡ್ಡಪ್ಪನ ಮಗ ಬಸಣ್ಣ ಆಗ ಇಂಜಿನಿಯರಿಂಗ್ ಓದುತ್ತಿದ್ದ, ಅಂದರೆ ಕಾಲೇಜಿಗೆ ಹೋಗಿಬರುತ್ತಿದ್ದ. ತಲೆಬುರುಡೆಯ ಚಿತ್ರವಿದ್ದ ಕರಿ ಟೀಶರ್ಟು ಹಾಕುತ್ತಿದ್ದ. ನೆರೆಯವರು ನೋಡಿ ಏನಾದರೂ ಅಂದಾರು ಎಂದು ದೊಡ್ಡವ್ವ ಅದನ್ನು ಒಗೆದು ಒಳಮಗ್ಗುಲು ಹೊರಗೆ ಮಾಡಿ ಒಣಹಾಕುತ್ತಿದ್ದಳು. ಬಸಣ್ಣನ ಕೋಣೆಯಲ್ಲಿ ಎರಡು ದೊಡ್ಡ ಸ್ಪೀಕರು, ಒಂದು ಡಬ್ಬಿಯ ತುಂಬ ಕ್ಯಾಸೆಟ್ಟು. ಅಷ್ಟೂ ಹೆವಿ ಮೆಟಲ್. ಅವನು ಬಟನ್ ಒತ್ತಿದರೆ ಅಡುಗೆಮನೆಯ ಮಾಡದಲ್ಲಿದ್ದ ಸ್ಟೀಲ್ ಡಬ್ಬಿಗಳು ಗುಂಯ್ ಎನ್ನುತ್ತಿದ್ದವು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಕಡಿಯುತ್ತ ನಾನು ಆ ಕೋಣೆಯ ನೆಲದ ಮೇಲೆ ಕೂತು ಕೇಳುತ್ತಿದ್ದೆ. ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೆ ಆ ಸದ್ದು ಕಿವಿಯಿಂದ ಬರದೆ ನೆಲದಿಂದ ಹೊಟ್ಟೆಗೆ ಏರುತ್ತಿತ್ತು. ಹಾಡುವವನ ದನಿ ನನ್ನದಕ್ಕಿಂತ ಒರಟು! ಅವನನ್ನು ಯಾರೂ ಹಿಂದೆ ಕೂಡಿಸಿರಲಿಲ್ಲ. ಅದನ್ನು ಕೇಳಿ ನನಗಾದ ಸಂತೋಷವನ್ನು ಇವತ್ತಿಗೂ ಯಾರಿಗೂ ಸರಿಯಾಗಿ ವಿವರಿಸಲು ಆಗಿಲ್ಲ.

"ಇದು ಸಂಗೀತ ಅಂದ್ರ. ನಿಮ್ಮ ಕ್ಲಾಸಿಕಲ್ ಅಂದ್ರ ನಿದ್ದಿ ಗುಳಿಗಿ" ಎಂದ ಬಸಣ್ಣ.

ರವಿವಾರ ನನ್ನನ್ನು ನೋಡಲು ಬಂದ ಅಪ್ಪ ಹೊಸ್ತಿಲಲ್ಲೇ ನಿಂತು, "ಏನೋ ಬಸ್ಯಾ, ಹಿಟ್ಟಿನ ಗಿರಣಿಗೆ ಬೆಂಕಿ ಬಿದ್ದೈತೇನು?" ಎಂದ.

ಇಬ್ಬರ ಮೇಲೂ ಸಿಟ್ಟು ಬಂತು. ಇಬ್ಬರೂ ಎದುರಿನವನದನ್ನು ಐದು ನಿಮಿಷ ಕೂಡ ಕೂತು ಕೇಳಿದವರಲ್ಲ.

ಪಾಂಡು ಕಾಕಾ ಸಿಕ್ಕಿದ್ದು ಆ ವಾರವೇ. ಅವರು ದೊಡ್ಡಪ್ಪನ ಮನೆಯ ಎದುರಿಗೇ ಇದ್ದರು. ಕಾರ್ಖಾನೆಯೊಂದರ ಕಮ್ಮಾರಶಾಲೆಯಲ್ಲಿ ಸುತ್ತಿಗೆ ಹಿಡಿದು ನಿವೃತ್ತರಾದವರು. ಶನಿವಾರ ಸಂಜೆ ಗುಡಿಯ ಭಜನೆಗೆ ಮೃದಂಗದ ಹಾಗೆ ಎರಡು ಮುಖದ ಪಖವಾಜ್ ನುಡಿಸುತ್ತಿದ್ದರು. ದೊಡ್ಡವ್ವ ನನ್ನನ್ನು ಮಂಡಕ್ಕಿಯ ಆಸೆ ತೋರಿಸಿ ಭಜನೆಗೆ ಕರೆದೊಯ್ದಳು. ಕಾಕಾ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಪಕ್ಕದಲ್ಲಿ ಒಂದು ತಾಟು, ಅದರಲ್ಲಿ ಗೋದಿ ಕಣಕದ ಮುದ್ದೆ. ಅದನ್ನು ನೀರು ಮುಟ್ಟಿಸಿ ಪಖವಾಜಿನ ಎಡಗಡೆಯ ಚರ್ಮದ ನಡುವೆ ರೊಟ್ಟಿಯ ಹಾಗೆ ದಪ್ಪಗೆ ತಟ್ಟಿ ಅಂಟಿಸಿದರು. ಆಮೇಲೆ ಅಂಗೈ ಬಿಚ್ಚಿ ಒಂದೇ ಒಂದು ಸಲ ಹೊಡೆದರು. ಧುಂ!

ಮಂಡಕ್ಕಿ ನನ್ನ ಕೈಯಲ್ಲೇ ಉಳಿಯಿತು. ಸ್ಪೀಕರಿಲ್ಲ, ಕರೆಂಟಿಲ್ಲ, ವಾಯರಿಲ್ಲ. ಆದರೂ ಅದೇ ಸದ್ದು, ಅದೇ ನೆಲದಿಂದ ಹೊಟ್ಟೆಗೆ.

ಮರುದಿನ ಬೆಳಿಗ್ಗೆ ಕಾಕಾರ ಕಟ್ಟೆಯ ಮೇಲೆ ಹೋಗಿ ಕೂತೆ. ಕಲಿಸುತ್ತೀರಾ ಎಂದು ಕೇಳಿದೆ. ಕಾಕಾ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಕೈ ತೋರ್ಸು" ಎಂದರು. ತೋರಿಸಿದೆ. "ರೊಟ್ಟಿ ಬಡೀತಿ?"

"ಬಡೀತೇನ್ರಿ. ಹರೀತಾವು."

"ಹರೀಲಿ. ಅಂಗೈ ಗಟ್ಟಿ ಅದಾವು."

"ಹೆಣ್ಮಕ್ಕಳು ಇದನ್ನ ಬಾರಸಂಗಿಲ್ಲ ಅಂತಾಳ್ರಿ ದೊಡ್ಡವ್ವ."

ಕಾಕಾ ಎಲೆ ಮಡಚಿ ದವಡೆಗೆ ಇಟ್ಟುಕೊಂಡರು. "ಯಾರರ ಹಂಗ ಅಂದ್ರ ಯಾಕ ಅಂತ ಕೇಳು. ಒಪ್ಪೂವಂಥ ಉತ್ತರ ಕೊಟ್ರ ಅವತ್ತೇ ಬಿಟ್ಟುಬಿಡು. ಕೊಡಲಿಲ್ಲಾ ಅಂದ್ರ ಬಾರಿಸು."

ಹಾಗೆ ಶುರುವಾಯಿತು. ಬೇರೆ ಮಕ್ಕಳು ಓಣಿಯಲ್ಲಿ ಲಗೋರಿ ಆಡುವಾಗ ನಾನು ಕಾಕಾರ ಪಡಸಾಲೆಯಲ್ಲಿ ಕೂತು ಹನ್ನೆರಡು ಮಾತ್ರೆಯ ಚೌತಾಲ ಹೊಡೆಯುತ್ತಿದ್ದೆ. ಧಾ ಧಾ ದಿಂ ತಾ, ಕಿಟ ಧಾ ದಿಂ ತಾ, ತಿಟ ಕತ ಗದಿ ಗನ. ಮೊದಲು ಬಾಯಲ್ಲಿ, ಕೈಯಿಂದ ತಾಳ ಹಾಕುತ್ತ. ಬಾಯಲ್ಲಿ ಬಂದ ಮೇಲೇ ಕೈಯಲ್ಲಿ. ಇದು ಕಾಕಾರ ಕಟ್ಟುನಿಟ್ಟು. ಬೋಲು ಹೇಳುವಾಗ ನಾನು ಗುರುಗಳು ಹೇಳಿಕೊಟ್ಟಿದ್ದ ಸಣ್ಣ ದನಿ ತೆಗೆದರೆ, "ಹಸಿವ್ಯಾದಾಗ ನಿಮ್ಮವ್ವನ್ನ ಹೆಂಗ ಕರೀತಿ, ಹಂಗ ಹೇಳು" ಎಂದು ಗದರುತ್ತಿದ್ದರು. ಪಾಠ ಮುಗಿದ ಮೇಲೆ ಕಣಕವನ್ನು ಕೆರೆದು ತೆಗೆದು ಎದುರುಮನೆಯ ಎಮ್ಮೆಗೆ ಹಾಕಿ ಬರುವುದು ನನ್ನ ಕೆಲಸ.

ಒಂದು ದಿನ ಕಾಕಾ ಖುಷಿಯಲ್ಲಿದ್ದರು. ಪರಣ್ ಎಂದು ಕರೆಯುವ ಉದ್ದನೆಯ ಬೋಲಿನ ಸರಣಿಯೊಂದನ್ನು ಮೊದಲು ನಿಧಾನ, ಆಮೇಲೆ ಇಮ್ಮಡಿ, ಆಮೇಲೆ ನಾಲ್ಮಡಿ ವೇಗದಲ್ಲಿ ನುಡಿಸಿದರು. ನನ್ನನ್ನು ಊಟಕ್ಕೆ ಕರೆಯಲು ಬಂದ ಬಸಣ್ಣ ಬಾಗಿಲಲ್ಲಿ ನಿಂತವನು ನಿಂತೇ ಬಿಟ್ಟ.

"ಕಾಕಾ, ಇದು ಡಬಲ್ ಬೇಸ್ ಆತಲ್ರಿ! ನಮ್ಮವರು ಎರಡೂ ಕಾಲಾಗ ಡ್ರಮ್ ಹೊಡದ್ರೂ ಇಷ್ಟ ಆಗಂಗಿಲ್ಲ. ನೀವು ಒಂದ ಕೈಲೆ ಹೊಡ್ಯಾಕತ್ತೀರಿ!"

"ನಿಮ್ಮವರು ಯಾರೋ?" ಎಂದು ಕಾಕಾ ಕೇಳಿದರು. ಬಸಣ್ಣ ಓಡಿಹೋಗಿ ಟೇಪ್‌ರೆಕಾರ್ಡರನ್ನೇ ಎತ್ತಿಕೊಂಡು ಬಂದ. ಕಾಕಾ ಒಂದು ಹಾಡು ಪೂರ್ತಿ ಕೇಳಿ, "ಹುಡುಗೂರು ಮೈಮುರಿದು ದುಡದಾರ. ಲಯ ಪಕ್ಕಾ ಐತಿ" ಎಂದರು. ಅವರ ಹಾಗೆ ಎರಡನ್ನೂ ಕೇಳಿ ಮಾತಾಡಿದವರನ್ನು ನಾನು ಆವರೆಗೆ ಕಂಡಿರಲಿಲ್ಲ.

ಜೂನಿನಲ್ಲಿ ಸಾಲಿ ಶುರುವಾಗಿ ಧಾರವಾಡಕ್ಕೆ ಹೊರಟಾಗ ಕಾಕಾ ತಮ್ಮ ಹಳೆಯ ಪಖವಾಜನ್ನು ಗೋಣಿತಾಟಿನಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು. ಮನೆಯಲ್ಲಿ ಅಪ್ಪ ಅದನ್ನು ನೋಡಿದ್ದೇ ತಡ ಸಿಡಿದ.

"ಮೂರು ವರ್ಷ ಗಾಯನ ಕಲ್ತು ಡೊಳ್ಳು ಬಾರಸ್ತೀ ಏನ? ಗುರುಗಳ ಮುಂದ ಯಾವ ಮುಖಾ ಇಟಗೊಂಡು ನಿಂದ್ರಲಿ?"

"ಇದು ಡೊಳ್ಳಲ್ಲಪಾ. ಶಾಸ್ತ್ರೀಯನ. ನೀ ಕೇಳಿದ ಎಲ್ಲಾದರಕಿಂತ ಹಳೇದು."

ಎರಡು ದಿನ ನಾನು ಊಟ ಬಿಟ್ಟೆ. ಹಾಗೆ ಹೇಳುವುದು ಪೂರ್ತಿ ನಿಜವಲ್ಲ, ಅವ್ವ ಕದ್ದು ಕೊಟ್ಟ ಶೇಂಗಾ ಉಂಡಿ ತಿನ್ನುತ್ತಿದ್ದೆ. ಮೂರನೆಯ ದಿನ ಅಪ್ಪ ಕರಾರಿಗೆ ಬಂದ. ಗುರುಪೂರ್ಣಿಮೆಗೆ ಗುರುಗಳ ಮನೆಯಲ್ಲಿ ಶಿಷ್ಯರೆಲ್ಲ ಸೇವೆ ಸಲ್ಲಿಸುವ ರೂಢಿ. ಅವತ್ತು ಹತ್ತು ನಿಮಿಷ ನಾನು ಪಖವಾಜ್ ನುಡಿಸಬೇಕು. ಗುರುಗಳು ಹೂಂ ಅಂದರೆ ಕಲಿಯಬೇಕು. ಊಹೂಂ ಅಂದರೆ ಪಖವಾಜ್ ಕಾಕಾರ ಮನೆಗೆ ವಾಪಸು, ನಾನು ಹಿಂದಿನ ಸಾಲಿಗೆ ವಾಪಸು. "ಆಮ್ಯಾಲೆ ಪಿಟಕ್ ಅನಬಾರದು" ಎಂದ. ನಾನು ಕೈ ಮೇಲೆ ಕೈ ಹಾಕಿ ಒಪ್ಪಿದೆ. ಅಪ್ಪನೇ ಹೋಗಿ ಗುರುಗಳನ್ನು ಕೇಳಿ ಬಂದ. "ಹುಡುಗೀ ಹಟ ಅದ, ಹತ್ತು ನಿಮಿಷ ಕೂಡ್ಲಿ ಬಿಡ್ರಿ" ಎಂದರಂತೆ.

ಆಷಾಢದ ಭಜನಾ ಸಪ್ತಾಹ ಇದ್ದುದರಿಂದ ಆ ದಿನ ಕಾಕಾ ಹುಬ್ಬಳ್ಳಿಯಿಂದ ಬರುವುದು ತಡವಾಗುವಂತಿತ್ತು. ಬಸಣ್ಣನ ಕೈಯಲ್ಲಿ ಹೇಳಿ ಕಳಿಸಿದ್ದರು: "ಗೋದಿ ಕಣಕ. ಕಿವಿ ಹಾಲಿಯಷ್ಟು ಮೆತ್ತಗ. ಮರೀಬ್ಯಾಡ." ಬಸಣ್ಣ ಒಬ್ಬನೇ ಬಂದಿರಲಿಲ್ಲ. ತನ್ನಂಥ ಮೂವರು ಗೆಳೆಯರನ್ನು ಕರೆತಂದಿದ್ದ. ಬಿಳಿ ಧೋತರ, ಇಳಕಲ್ ಸೀರೆಗಳ ನಡುವೆ ನಾಲ್ಕು ತಲೆಬುರುಡೆಗಳು ಸಾಲಾಗಿ ಕೂತವು. ಅಪ್ಪ ಅವರನ್ನು ಗುರುತಿಲ್ಲದವನಂತೆ ಮುಖ ತಿರುಗಿಸಿದ.

ಪೂಜೆ ಮುಗಿದ ಮೇಲೆ ಮೊದಲು ತಾವೇ ಅರ್ಧ ತಾಸು ಹಾಡುವುದು ಗುರುಗಳ ಪದ್ಧತಿ. ಅವತ್ತು ಹಿಂಡೋಲ ರಾಗ ತೆಗೆದರು. ಅರವತ್ತು ದಾಟಿದ, ತೆಳ್ಳನೆಯ, ಕೆಮ್ಮಿನ ಮನುಷ್ಯ. ಆದರೆ ಹೊಕ್ಕುಳಿನಿಂದ ಎದ್ದ ಗಮಕದ ತಾನ ಒಂದೊಂದು ಸ್ವರವನ್ನೂ ಹಿಡಿದು ಅಲುಗಾಡಿಸುತ್ತ ಮೇಲೇರಿದಾಗ ಕಿಟಕಿಯ ಗಾಜು ನಡುಗಿತು. ಹಿಂದೆ ಎರಡು ತಂಬೂರಿ, ತಂತಿಯಡಿ ನಾದ ಬಿಡಿಸುವ ಜವಾರಿಯ ದಾರ ಸರಿಯಾಗಿ ಕೂತು, ಜೇನುಹುಳದ ಹಾಗೆ ಜುಂಯ್ ಎನ್ನುತ್ತಿದ್ದವು. ಬಸಣ್ಣ ನನ್ನ ಮೊಣಕೈ ತಿವಿದ.

"ಲೇ ದೀಪಿ, ಈ ಅಜ್ಜ ಗಿಟಾರ್ ಇಲ್ಲದನ ಗಿಟಾರ್ ಬಾರಸಾಕತ್ತಾನಲ್ಲಲೇ! ಇಷ್ಟು ದಿನಾ ಯಾಕ ಹೇಳಲಿಲ್ಲಾ ನೀ?"

ನಿದ್ದಿ ಗುಳಿಗಿ ಅಂದವನು ಯಾರು ಎಂದು ನಾನು ಕೇಳಲಿಲ್ಲ. ಅವನ ಬಾಯಿ ತೆರೆದೇ ಇತ್ತು.

ನನ್ನ ಸರದಿಗೆ ಮೊದಲು ಕಣಕ ತರಲು ಅಡುಗೆಮನೆಗೆ ಹೋದೆ. ಎಡಕ್ಕೆ ಒಂದು ಪರಾತದಲ್ಲಿ ಚಪಾತಿಯ ಗೋದಿ ಕಣಕ, ಒದ್ದೆ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಬಲಕ್ಕೆ ಇನ್ನೊಂದು ಪರಾತದಲ್ಲಿ ಕುದಿಯುವ ಎಸರು ಹಾಕಿ ಆಗಷ್ಟೇ ನಾದಿದ ಜೋಳದ ಹಿಟ್ಟು, ಬೆಳ್ಳಗೆ, ಹಬೆಯಾಡುತ್ತ. ಇಲ್ಲಿ ನನ್ನ ಬುದ್ಧಿ ಕೆಟ್ಟಿತು. ಜೋಳ ತಿಂದವ ತೋಳ ಎನ್ನುವ ಸೀಮೆ ನಮ್ಮದು. ಗೋದಿ ಮೆತ್ತಗೆ, ಜೋಳ ಗಟ್ಟಿ ಎಂದು ಹುಟ್ಟಿದಾಗಿನಿಂದ ಕೇಳಿದ್ದೆ. ಇವತ್ತು ಸದ್ದು ಇಡೀ ಧಾರವಾಡ ಅಲುಗುವಷ್ಟು ದಪ್ಪ ಬರಬೇಕು, ಅದಕ್ಕೆ ಜೋಳವೇ ಸರಿ ಎಂದು ತೀರ್ಮಾನಿಸಿದೆ. ಕಾಕಾರ ಮಾತು ನೆನಪಿತ್ತು. ನೆನಪಿದ್ದೇ ಮೀರಿದೆ. ಹಟಮಾರಿಗಳಿಗೆ ಎಲ್ಲಿ ಹಟ ಮಾಡಬಾರದು ಎನ್ನುವುದು ತಿಳಿಯುವುದಿಲ್ಲ.

ಮೊದಲ ಎರಡು ನಿಮಿಷ ನಾನು ಗೆದ್ದೆ ಅಂದುಕೊಂಡೆ. ಹಾರ್ಮೋನಿಯಂ ಹಿಡಿದ ಹಿರಿಯ ಶಿಷ್ಯರೊಬ್ಬರು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತ ತಾಳದ ಲೆಕ್ಕ ಕಾಯುತ್ತಿದ್ದರು. ಧಾ ಬಿದ್ದಾಗಲೆಲ್ಲ ಮುಂದಿನ ಸಾಲಿನ ಅಜ್ಜಿಯ ಕಣ್ಣು ಮಿಟುಕುತ್ತಿತ್ತು. ಮೂರನೆಯ ನಿಮಿಷಕ್ಕೆ ಎಡಗೈಗೆ ಏನೋ ಒಣ ಒಣ ತಾಗಿತು. ಗೋದಿಗೆ ಇರುವ ಅಂಟು ಜೋಳಕ್ಕಿಲ್ಲ ಎನ್ನುವುದು ರೊಟ್ಟಿ ಬಡಿಯುವ ಎಲ್ಲ ಹೆಂಗಸರಿಗೂ ಗೊತ್ತು. ಅದು ಹರಿಯುತ್ತದೆ ಎಂದು ಕಾಕಾರ ಮುಂದೆ ಹೇಳಿದ್ದವಳು ನಾನೇ. ಹಿಟ್ಟು ಬಿರುಕು ಬಿಟ್ಟಿತು. ಮುಂದಿನ ಪೆಟ್ಟಿಗೆ ಅರ್ಧ ಮುದ್ದೆ ಹಾರಿ ಹೋಗಿ ಗುರುಗಳ ಶಾಲಿನ ಮೇಲೆ ಬಿತ್ತು. ಅದರ ಮುಂದಿನ ಪೆಟ್ಟಿಗೆ ಉಳಿದದ್ದು ಪುಡಿಪುಡಿಯಾಗಿ ನನ್ನ ಲಂಗದ ತುಂಬ. ಪಖವಾಜ್ ಖಾಲಿ ಡಬ್ಬಿಯ ಹಾಗೆ ಟಣ್ ಎಂದಿತು.

ಮೊದಲು ಮಕ್ಕಳು ನಕ್ಕರು, ಆಮೇಲೆ ದೊಡ್ಡವರು. "ಪಲ್ಯಾನೂ ತರ್ರಿ" ಎಂದರು ಯಾರೋ. ಅಪ್ಪ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ. ಹಾರ್ಮೋನಿಯಂನವರು ನಿಲ್ಲಿಸಲೇ ಎನ್ನುವಂತೆ ಗುರುಗಳ ಮುಖ ನೋಡಿದರು. ಗುರುಗಳು ತಲೆ ಎತ್ತದೆ ಶಾಲು ಕೊಡವುತ್ತಿದ್ದರು. ಹಾರ್ಮೋನಿಯಂನವರು ನುಡಿಸುತ್ತಲೇ ಹೋದರು.

ಎದ್ದು ಹೋಗಬಹುದಿತ್ತು. ಕೂತು ಅಳಬಹುದಿತ್ತು. ಆದರೆ ಹಾರ್ಮೋನಿಯಂ ಇನ್ನೂ ನಡೆದಿದೆಯಲ್ಲ, ಹನ್ನೆರಡು ಮಾತ್ರೆ ತಿರುಗುತ್ತಲೇ ಇದೆಯಲ್ಲ! ತಾಳ ನನಗಾಗಿ ಬಿಕ್ಕುತ್ತ ನಿಂತಿರಲಿಲ್ಲ. ನಾನು ಕೈ ಎತ್ತಿ ತಾಳ ಹಾಕಿದೆ, ಮುಂದಿನ ಸಮಕ್ಕೆ ಬಾಯಿ ಬಿಟ್ಟೆ. ಕಾಕಾ ಕಲಿಸಿದ ಪರಣ್, ಹಸಿವಾದಾಗ ಅವ್ವನನ್ನು ಕರೆಯುವ ದನಿಯಲ್ಲಿ. ಧುಮಕಿಟ ಧುಮಕಿಟ ತಕಿಟ ತಕಾ! ಮೂರು ವರ್ಷ ಸಣ್ಣಗೆ ಮಾಡಿ ಮಾಡಿ ಒಳಗೆ ತುರುಕಿದ್ದ ದನಿಯೆಲ್ಲ ಒಮ್ಮೆಗೇ ಹೊರಗೆ ಬಂತು. ನಗು ನಿಂತಿತು. ಬಸಣ್ಣ ಮತ್ತು ಗೆಳೆಯರು ಚಪ್ಪಾಳೆಯಲ್ಲಿ ತಾಳ ಹಿಡಿದು ಸಮ ಬಂದಾಗಲೆಲ್ಲ ಉದ್ದ ಕೂದಲಿನ ತಲೆ ಎತ್ತಿ ಕೆಳಗೆ ಹಾಕತೊಡಗಿದರು. ಅವರಿಗೆ ಸಮ ಎಂದರೆ ಏನೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಸಲವೂ ತಪ್ಪಲಿಲ್ಲ.

ಆಗ ಬಾಗಿಲಲ್ಲಿ ಪಾಂಡು ಕಾಕಾ ಕಂಡರು. ಹಣೆಯ ಮೇಲೆ ಭಜನೆಯ ಕರಿ ಬುಕ್ಕಿಟ್ಟಿನ ಬೊಟ್ಟು, ಕೊರಳಲ್ಲಿ ತುಳಸಿಮಾಲೆ, ಮಳೆಗೆ ತೊಯ್ದ ಧೋತರ. ಒಂದು ನೋಟಕ್ಕೆ ಎಲ್ಲ ತಿಳಿದುಕೊಂಡರು. ನೆಟ್ಟಗೆ ಅಡುಗೆಮನೆಗೆ ಹೋಗಿ ಗೋದಿ ಕಣಕ ತಂದು ನನ್ನ ಪಕ್ಕ ಕೂತರು. ನಾನು ಬಾಯಲ್ಲಿ ಹೇಳುತ್ತಲೇ ಇದ್ದೆ. ಅವರು ಹಳೆಯ ಹಿಟ್ಟು ಕೆರೆದು, ಚರ್ಮ ಒರೆಸಿ, ಹೊಸದನ್ನು ತಟ್ಟಿ ಕೂಡಿಸಿದರು. "ಹೂಂ" ಎಂದರು ಅಷ್ಟೇ. ನನ್ನ ಕೈ ಕೆಳಗೆ ಇಳಿಯಿತು. ಕೊನೆಯ ಎರಡು ನಿಮಿಷ ಹೇಗೆ ನುಡಿಸಿದೆ ಎಂದು ನನಗೆ ಗೊತ್ತಿಲ್ಲ. ಮೂರು ಸಲ ಬರುವ ಮುಕ್ತಾಯ ಸರಿಯಾಗಿ ಸಮದ ಮೇಲೆ ಬಿತ್ತು, ಅದು ಮಾತ್ರ ಗೊತ್ತು.

ಅಪ್ಪ ಎದ್ದು ನಿಂತು ಗುರುಗಳಿಗೆ ಕೈ ಮುಗಿದ. "ನೀವು ಏನ ಹೇಳ್ತೀರಿ ಅದ ಕಡೀಮಾತ್ರಿ" ಎಂದ.

ಗುರುಗಳು ಶಾಲು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ಲಯ ಛಲೋ ಅದ. ಬಾಯಿಂದ ಹೇಳಿದ್ದಂತೂ ಭಾಳ ಛಲೋ. ಆದರ ಈ ವಾದ್ಯ ಹೆಣ್ಮಕ್ಕಳಿಗೆ ಅಲ್ಲ. ನಾ ಒಪ್ಪೂದಿಲ್ಲ" ಎಂದರು.

"ಯಾಕ್ರಿ?"

ಕೇಳಿದವಳು ನಾನೇ. ಆ ಮನೆಯಲ್ಲಿ ಆ ಶಬ್ದ ಅದಕ್ಕೂ ಮೊದಲು ಕೇಳಿಬಂದಿರಲಿಲ್ಲ. ಗುರುಗಳು ನನ್ನನ್ನು ನೋಡಿದರು, ತಂಬೂರಿಯನ್ನು ನೋಡಿದರು. "ಹಂಗೆಲ್ಲಾ ಕೇಳಬಾರದು" ಎಂದು ಎದ್ದು ಒಳಗೆ ಹೋದರು.

ಮನೆಗೆ ಬರುವಾಗ ಮಳೆ ಜಿನುಗುತ್ತಿತ್ತು. ಕರಾರಿನ ಪ್ರಕಾರ ನಾನು ಸೋತಿದ್ದೆ. ಪಖವಾಜನ್ನು ಅಪ್ಪನೇ ಹೆಗಲ ಮೇಲೆ ಹೊತ್ತಿದ್ದ. ಸಪ್ತಾಹಕ್ಕೆ ಮರಳಲು ಆಗಲೇ ಮುಂದೆ ಹೋಗಿದ್ದ ಕಾಕಾರಿಗೆ ಕೊಟ್ಟು ಬರಲು ಬಸ್ ಸ್ಟ್ಯಾಂಡಿಗೆ ಹೊರಟಿದ್ದಾನೆ ಎಂದುಕೊಂಡು ನಾನು ಹಲ್ಲು ಕಚ್ಚಿ ನಡೆಯುತ್ತಿದ್ದೆ. ಓಣಿಯ ತಿರುವಿನಲ್ಲಿ ಅವನು ನಮ್ಮ ಮನೆಯ ಕಡೆಗೇ ತಿರುಗಿದ.

"ಅಪ್ಪಾ, ಗುರುಗಳು ಒಪ್ಪಲಿಲ್ಲಲಾ?"

"ಇಲ್ಲ. ಒಪ್ಪಲಿಲ್ಲ" ಎಂದ ಅಪ್ಪ. ನಾಲ್ಕು ಹೆಜ್ಜೆ ಮುಂದೆ ಹೋಗಿ, "ಆದ್ರ ಉತ್ತರಾನೂ ಕೊಡಲಿಲ್ಲ" ಎಂದ.

ಈಗ ನಾನು ಹುಬ್ಬಳ್ಳಿ, ಧಾರವಾಡ ಎರಡೂ ಕಡೆ ಪಖವಾಜ್ ಕಲಿಸುತ್ತೇನೆ. ಕಲಿಯುವವರಲ್ಲಿ ಹುಡುಗಿಯರೇ ಹೆಚ್ಚು. ಮೆಟಲ್ ಕೇಳುವ ಕಾಲೇಜು ಹುಡುಗರು ಬಂದು, ಕ್ಲಾಸಿಕಲ್‌ನಲ್ಲಿ ನಮಗೆ ಹಿಡಿಸುವುದು ಏನಿದೆ ಎಂದು ಮೂಗು ಮುರಿದರೆ ಎದುರಿಗೆ ಕೂಡಿಸುತ್ತೇನೆ. ಧ್ರುಪದ ಎಂಬ ಹಳೆಯ ಗಾಯನದ ಆಲಾಪ ವೇಗಕ್ಕೆ ಏರಿ ಗಮಕಗಳು ಒಂದರ ಮೇಲೊಂದು ಬೀಳುವ ಕೊನೆಯ ಭಾಗ ಕೇಳಿಸುತ್ತೇನೆ. ರುದ್ರವೀಣೆಯ ದಪ್ಪ ತಂತಿ ಕೇಳಿಸುತ್ತೇನೆ. ಆಮೇಲೆ ಒಂದು ಪರಣ್ ಹೊಡೆಯುತ್ತೇನೆ. ಮೂಗು ಮುರಿದವರು ಮರುವಾರ ಗೆಳೆಯರನ್ನು ಕರೆತರುತ್ತಾರೆ. ಅದೇ ಪ್ರಶ್ನೆಯನ್ನು ತಲೆಕೆಳಗೆ ಮಾಡಿ ಕೇಳುವ ಹಿರಿಯ ರಸಿಕರಿಗೆ ನನ್ನ ಫೋನಿನಲ್ಲಿರುವ ಮೆಟಲ್ ಕೇಳಿಸುತ್ತೇನೆ. ಅವರು ಮರುವಾರ ಬರುವುದಿಲ್ಲ. ಬರದಿದ್ದರೆ ನಷ್ಟ ಅವರದು.

ಕಾಕಾ ಹೋಗಿ ಬಹಳ ವರ್ಷಗಳಾದವು. ಗೋಪನಕೊಪ್ಪದ ಆ ಭಜನೆಗೆ ಈಗ ಬಟನ್ ಒತ್ತಿದರೆ ತಾಳ ಬರುವ ಯಂತ್ರವಿದೆ. ಬಸಣ್ಣನಿಗೆ ಬಿ.ಪಿ. ಇದೆ, ಕಾರಿನಲ್ಲಿ ಕೂತರೆ "ಸೌಂಡ್ ಸ್ವಲ್ಪ ಕಡಿಮಿ ಮಾಡವ್ವಾ" ಎನ್ನುತ್ತಾನೆ. ಇವೆಲ್ಲ ಆಗುವಂಥವೇ, ಆದವು.

ಆದರೆ ಒಂದು ಮಾತು ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡಿದ್ದೆ. ಆ ದಿನದ ನಂತರ ಗುರುಗಳು ನನ್ನನ್ನು ಆ ಮನೆಯ ಮೆಟ್ಟಿಲು ಹತ್ತಗೊಡಲಿಲ್ಲ. ಆ ವಯಸ್ಸಿನಲ್ಲಿ ನಾನು ಕೇಳಿದ ಅತಿ ದೊಡ್ಡ ದನಿ ಅವರದೇ ಆಗಿತ್ತು. ಬಸಣ್ಣನ ಎರಡು ಸ್ಪೀಕರು ಸೇರಿದರೂ ಅದರ ಮುಂದೆ ಏನೂ ಅಲ್ಲ. ದೊಡ್ಡವಳಾದ ಮೇಲೆ ಬೆಳಿಗ್ಗೆ ಅವರ ಓಣಿಯಲ್ಲಿ ಸ್ಕೂಟಿ ನಿಲ್ಲಿಸಿ ಎಷ್ಟೋ ಸಲ ಕೇಳಿದ್ದೇನೆ. ಆ ಹಾಡಿಗೆ ಬೇಕಾಗಿದ್ದದ್ದು ಪಖವಾಜೇ. ನನ್ನ ಕೈ ಹ್ಯಾಂಡಲ್ಲಿನ ಮೇಲೆ ಅವರ ಜೊತೆಗೆ ನುಡಿಸುತ್ತಿತ್ತು. ಅವರು ತೀರಿಕೊಂಡರು, ಉತ್ತರ ಹೇಳದೆಯೇ ತೀರಿಕೊಂಡರು. ಯಾಕ್ರಿ ಎಂದು ಕೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಇನ್ನೊಮ್ಮೆ ಹದಿಮೂರು ವರ್ಷದವಳಾದರೂ ಕೇಳುತ್ತೇನೆ. ಆದರೆ ಅವರ ಹಿಂಡೋಲಕ್ಕೆ ಒಂದೇ ಒಂದು ಸಲ ನಾನು ಸಾಥ್ ಕೊಡಬೇಕಿತ್ತು. ಕೊಡಲು ಬಿಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.